ಮಗಳ ಕೈಯಲ್ಲಿ ಪತ್ತೇದಾರಿ ಕಾದಂಬರಿ

ಮಗಳ ಕೈಯಲ್ಲಿ ಪತ್ತೇದಾರಿ ಕಾದಂಬರಿ ಕಂಡೊಡನೆ ಹೆಚ್ಚಿನ ತಾಯಂದಿರು ಹುಬ್ಬು ಗಂಟಿಕ್ಕುತ್ತಾರೆ. ಕೊಲೆ, ಮೋಸದ ಕತೆ ಓದಿ ಇವಳು ಏನು ಕಲಿತಾಳು ಎಂಬ ಆತಂಕ. ಈ ಆತಂಕ ತಪ್ಪೇನಲ್ಲ. ಆದರೆ ಪುಸ್ತಕವನ್ನು ಕಿತ್ತಿಡುವ ಮುನ್ನ ಅದರೊಳಗೇನಿದೆ ಎಂದು ಒಮ್ಮೆ ನೋಡಿ ಸಹೋದರಿಯರೇ.

ಬ್ರಿಟಿಷ್ ಲೇಖಕಿ ಹಾಲಿ ಜಾಕ್ಸನ್ 2019ರಲ್ಲಿ ಬರೆದ 'ಎ ಗುಡ್ ಗರ್ಲ್ಸ್ ಗೈಡ್ ಟು ಮರ್ಡರ್' ಹದಿಹರೆಯದವರ ಅಚ್ಚುಮೆಚ್ಚಿನ ಕಾದಂಬರಿ. ಅದರಲ್ಲಿ ಭಾರತೀಯ ಮೂಲದ ಸಾಲ್ ಸಿಂಗ್ ಎಂಬ ಯುವಕನನ್ನು ಇಡೀ ಊರೇ ಕೊಲೆಗಾರನೆಂದು ನಂಬಿರುತ್ತದೆ. ಅವನು ಸತ್ತ ಬಳಿಕವೂ ಅವನ ಕುಟುಂಬವನ್ನು ಜನ ದೂರವಿಡುತ್ತಾರೆ. ಪಿಪ್ ಎಂಬ ಶಾಲಾ ಬಾಲಕಿ ಮಾತ್ರ ಅದನ್ನು ನಂಬದೆ, ಸತ್ಯವನ್ನು ಹೊರಗೆಳೆಯುತ್ತಾಳೆ. ಒಬ್ಬನ ಮೇಲಿನ ಆರೋಪಕ್ಕೆ ಮನೆ ಮಂದಿಯೆಲ್ಲ ಬೆಲೆ ತೆರುವ ನೋವು ನಮಗೆ ಅಪರಿಚಿತವಲ್ಲ.

ಮುಂದಿನ ಕತೆ

2020ರಲ್ಲಿ ಇದರ ಮುಂದುವರಿದ ಭಾಗ 'ಗುಡ್ ಗರ್ಲ್, ಬ್ಯಾಡ್ ಬ್ಲಡ್' ಬಂತು. ಮೊದಲ ತನಿಖೆಯಲ್ಲಿ ತನ್ನ ಮುದ್ದಿನ ನಾಯಿಯನ್ನು ಕಳಕೊಂಡ ಪಿಪ್, ಇನ್ನು ಈ ಕೆಲಸವೇ ಬೇಡ ಎಂದು ತೀರ್ಮಾನಿಸಿರುತ್ತಾಳೆ. ಅಷ್ಟರಲ್ಲಿ ಗೆಳೆಯನ ಅಣ್ಣ, 24 ವರ್ಷದ ಜೇಮಿ ಕಾಣೆಯಾಗುತ್ತಾನೆ. ವಯಸ್ಕನಲ್ಲವೇ, ಬಂದಾನು ಎಂದು ಪೊಲೀಸರು ಗಂಭೀರವಾಗಿ ಪರಿಗಣಿಸುವುದಿಲ್ಲ. ಪಿಪ್ ಮತ್ತೆ ಹೊರಡುತ್ತಾಳೆ. ಊರವರು ತೆಗೆದ ಫೋಟೋಗಳನ್ನು ಕೇಳಿ ತರಿಸುತ್ತಾಳೆ, ಕಂಡವರ ಮಾತನ್ನು ಧ್ವನಿಮುದ್ರಿಸಿ ಅಂತರ್ಜಾಲದಲ್ಲಿ ಪಾಡ್‌ಕಾಸ್ಟ್ ಆಗಿ ಪ್ರಸಾರ ಮಾಡುತ್ತಾಳೆ.

ಇಲ್ಲಿ ಒಂದು ಘಟನೆ ಗಮನಾರ್ಹ. ಕಾರ್ಯಕ್ರಮದಲ್ಲಿ ತಾನೂ ಕಾಣಿಸಿಕೊಳ್ಳಬೇಕೆಂಬ ಆಸೆಯಿಂದ ಹುಡುಗನೊಬ್ಬ, ನೋಡದ್ದನ್ನು ನೋಡಿದೆನೆಂದು ಹೇಳುತ್ತಾನೆ. ಆ ಒಂದು ಸುಳ್ಳು, ನಿರಪರಾಧಿ ಯುವತಿಯೊಬ್ಬಳ ಮನೆಬಾಗಿಲಿಗೆ ಸಂಶಯವನ್ನು ಒಯ್ಯುತ್ತದೆ.

ಸುದ್ದಿ ಬಂದರೆ ಮೊದಲು ಪರಿಶೀಲಿಸಿರಿ, ತಿಳಿಯದೆ ಒಂದು ಜನವರ್ಗಕ್ಕೆ ಹಾನಿ ಮಾಡಿ ಬಳಿಕ ಪಶ್ಚಾತ್ತಾಪ ಪಡುವಂತಾಗಬಾರದು ಎಂಬುದು ಪವಿತ್ರ ಕುರ್‌ಆನಿನ ಸೂರಃ ಅಲ್ ಹುಜುರಾತ್‌ನ 6ನೇ ಸೂಕ್ತದ ಆದೇಶ. ಅದೇ ಅಧ್ಯಾಯದ 12ನೇ ಸೂಕ್ತವು ಗುಮಾನಿ, ಇತರರ ಗುಟ್ಟು ಕೆದಕುವುದು ಮತ್ತು ಪರದೂಷಣೆಯನ್ನು ನಿಷೇಧಿಸುತ್ತದೆ. ಕಾಣೆಯಾದವನನ್ನು ಹುಡುಕುವುದು ಬೇರೆ, ನೆರೆಮನೆಯ ಗುಟ್ಟು ಕೆದಕುವುದು ಬೇರೆ. ಈ ವ್ಯತ್ಯಾಸವನ್ನು ಮಗಳಿಗೆ ಮನದಟ್ಟು ಮಾಡಲು ಈ ಕತೆಗಿಂತ ಒಳ್ಳೆಯ ನೆಪ ಬೇಕೇ? ವಾಟ್ಸ್ಆಪ್‌ನಲ್ಲಿ ಬಂದುದನ್ನೆಲ್ಲ ಪರಿಶೀಲಿಸದೆ ಮುಂದಕ್ಕೆ ಕಳುಹಿಸುವ ನಾವೂ ಆ ಹುಡುಗನಿಂದ ಪಾಠ ಕಲಿಯಬೇಕಾಗಿದೆ.

ಬೇರೆಯವರ ಮುಖ

ಜೇಮಿಯನ್ನು ಬಲೆಗೆ ಕೆಡವಿದ್ದು ಲೈಲಾ ಮೀಡ್ ಎಂಬ ಹೆಸರಿನ ಅಂತರ್ಜಾಲ ಖಾತೆ. ಅದರಲ್ಲಿದ್ದ ಚಿತ್ರಗಳು ಬೇರೊಬ್ಬ ಹುಡುಗಿಯವು. ಲೈಲಾ ಎಂಬವಳು ಇರಲೇ ಇಲ್ಲ. ವಯಸ್ಸಿಗೆ ಬಂದ ಯುವಕನೇ ಮೋಸ ಹೋಗುವುದಾದರೆ ಹದಿನೈದರ ಹುಡುಗಿಯ ಪಾಡೇನು? ಅಪರಿಚಿತರ ಸಂದೇಶ ಬಂದರೆ ನಿರ್ಭಯವಾಗಿ ತಾಯಿಗೆ ಹೇಳುವ ವಾತಾವರಣ ಮನೆಯಲ್ಲಿರಲಿ. ಬೈಗುಳಕ್ಕೆ ಹೆದರಿ ಮುಚ್ಚಿಡುವ ಮಕ್ಕಳೇ ಹೆಚ್ಚು ಅಪಾಯಕ್ಕೆ ಸಿಲುಕುತ್ತಾರೆ.

ಎಚ್ಚರವೂ ಇರಲಿ

ಈ ಪುಸ್ತಕ ಚಿಕ್ಕ ಮಕ್ಕಳಿಗಲ್ಲ. ಕೊಲೆ, ಮಾದಕ ವಸ್ತು, ಲೈಂಗಿಕ ದೌರ್ಜನ್ಯದ ಪ್ರಕರಣಗಳು ಇದರಲ್ಲಿವೆ. ಯುವಕ ಯುವತಿಯರ ಬೆರೆಯುವಿಕೆಯಲ್ಲೂ ನಮಗೆ ಒಪ್ಪಿಗೆಯಾಗದ ಸಂಗತಿಗಳಿವೆ. ಆದ್ದರಿಂದ ಮೊದಲು ನೀವೇ ಓದಿ, ಇಂಗ್ಲಿಷ್ ಕಷ್ಟವಾದರೆ ಮಗಳಿಂದಲೇ ಕತೆ ಹೇಳಿಸಿ. ಪಿಪ್‌ಳಂತೆ ಒಂಟಿಯಾಗಿ ಅಪಾಯಕ್ಕೆ ನುಗ್ಗುವುದು ಸಾಹಸವಲ್ಲ, ಹಿರಿಯರಿಗೂ ಪೊಲೀಸರಿಗೂ ತಿಳಿಸುವುದೇ ಸರಿಯಾದ ದಾರಿ ಎಂದು ತಿಳಿಹೇಳಿ.

ಸತ್ಯ ಹೊರಬಂದಾಗ ಎಲ್ಲರಿಗೂ ಸಂತೋಷವಾಗುವುದಿಲ್ಲ, ನ್ಯಾಯಾಲಯದ ತೀರ್ಪೂ ಕೆಲವೊಮ್ಮೆ ನೊಂದವರ ಕಣ್ಣೀರು ಒರೆಸುವುದಿಲ್ಲ ಎಂಬ ಕಹಿಯನ್ನೂ ಈ ಕಾದಂಬರಿ ಮುಚ್ಚಿಡುವುದಿಲ್ಲ. ಆದರೂ ನ್ಯಾಯದ ಪರ ನಿಲ್ಲಬೇಕು, ಸಾಕ್ಷ್ಯ ನಮ್ಮವರಿಗೆ ವಿರುದ್ಧವಾದರೂ ಸತ್ಯವನ್ನೇ ನುಡಿಯಬೇಕು ಎಂದು ನಮ್ಮ ಧರ್ಮ ಕಲಿಸುತ್ತದೆ. ಮಗಳು ಪುಸ್ತಕ ಮುಗಿಸಿದ ದಿನ ಈ ಮಾತನ್ನು ಅವಳೊಂದಿಗೆ ಕುಳಿತು ಮಾತಾಡುವ ಹೊಣೆ ತಾಯಿಯದು.