ಕ್ಯಾಮೆರಾ ಮುಟ್ಟದೆ ಮಾಡಿದ ಅಂಚೆ ಜಾಹೀರಾತು

ಪಾರ್ಸೆಲ್ ದರ ಇಳಿದಿದೆ. ಸುದ್ದಿ ಇಷ್ಟೇ. ಇದನ್ನು ಜನರಿಗೆ ಮುಟ್ಟಿಸಲು ಸರ್ಕಾರಿ ಇಲಾಖೆಯೊಂದು ಸಿನಿಮಾ ಮಾಡಿಸಿದರೆ ಏನೇನಿರುತ್ತದೆ ಎಂದು ಯಾರು ಬೇಕಾದರೂ ಹೇಳಬಹುದು. ಕಚೇರಿಯ ಕಟ್ಟಡ, ಕೌಂಟರಿನ ಮುಂದೆ ಸಾಲು, ಸಂತೃಪ್ತ ಗ್ರಾಹಕ, ಹಿನ್ನೆಲೆಯಲ್ಲಿ ವಿವರಣೆಯ ದನಿ. 1935ರಲ್ಲಿ ಬ್ರಿಟನ್ನಿನ ಅಂಚೆ ಇಲಾಖೆ ಇದೇ ಸುದ್ದಿಗಾಗಿ ಹೊರತಂದ ಚಿತ್ರದಲ್ಲಿ ಕಟ್ಟಡವಿಲ್ಲ, ಮನುಷ್ಯರಿಲ್ಲ, ಪಾರ್ಸೆಲ್ ಕೂಡ ಇಲ್ಲ. ಗೆರೆ, ಚುಕ್ಕೆ, ಬಣ್ಣದ ಪಟ್ಟಿಗಳು ಕ್ಯೂಬನ್ ವಾದ್ಯವೃಂದದ ಕುಣಿತದ ಗತ್ತಿಗೆ ಪರದೆಯ ತುಂಬ ನಲಿಯುತ್ತವೆ. ಇನ್ನೇನು ಮುಗಿಯಿತು ಎನ್ನುವಾಗ ಅದೇ ಬಣ್ಣಗಳ ನಡುವಿನಿಂದ ಅಕ್ಷರಗಳು ಎದ್ದು ಬಂದು, ಪಾರ್ಸೆಲ್ ಅಗ್ಗವಾಗಿದೆ ಎಂದು ಹೇಳಿ ಮರೆಯಾಗುತ್ತವೆ. ನಾಲ್ಕು ನಿಮಿಷವೂ ತುಂಬದ ಆ ಚಿತ್ರದ ಹೆಸರು ‘ಎ ಕಲರ್ ಬಾಕ್ಸ್’. ಮಾಡಿದವನು ಲೆನ್ ಲೈ.

ಕಿರು ಪ್ರಚಾರ ಚಿತ್ರಗಳ ಬಗ್ಗೆ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಇವನೇ. ಈ ಚಿತ್ರಕ್ಕೆ ಅವನು ಕ್ಯಾಮೆರಾ ಬಳಸಲಿಲ್ಲ. ಖಾಲಿ ಫಿಲ್ಮಿನ ಮೇಲೆ ನೇರವಾಗಿ ಕೈಯಿಂದ ಬಣ್ಣ ಬಳಿದ.

ಲೈ ಹುಟ್ಟಿದ್ದು 1901ರಲ್ಲಿ, ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ. ಬಾಲ್ಯದ ಕೆಲಕಾಲ ಕಳೆದದ್ದು ಕೇಪ್ ಕ್ಯಾಂಬೆಲ್ ಎಂಬ ಭೂಶಿರದ ದೀಪಸ್ತಂಭದ ಬಳಿ. ಮಲತಂದೆಗೆ ಅಲ್ಲಿ ದೀಪ ಕಾಯುವ ಕೆಲಸ. ಅಲ್ಲೊಂದು ದಿನ ಸೀಮೆಎಣ್ಣೆ ಡಬ್ಬ ಒದ್ದಾಗ ಅದರಿಂದ ಬಿಸಿಲು ಫಳಕ್ಕನೆ ಚಿಮ್ಮಿದ್ದನ್ನು ಅವನು ಮುಪ್ಪಿನಲ್ಲೂ ನೆನೆಯುತ್ತಿದ್ದ. ಚಿತ್ರಕಾರರು ಮೋಡವನ್ನು ಬರೆಯುತ್ತಾರೆ, ಮೋಡದ ಚಲನೆಯನ್ನೇ ಯಾಕೆ ಒಂದು ಕಲೆಯಾಗಿ ಕಟ್ಟಬಾರದು ಎನ್ನುವ ಪ್ರಶ್ನೆ ಹದಿಹರೆಯದಲ್ಲೇ ಅವನ ತಲೆ ಹೊಕ್ಕಿತ್ತು. ಸಮೋವಾದಲ್ಲಿ ಕೆಲವು ಕಾಲ ಇದ್ದು ಅಲ್ಲಿನವರ ಕಲೆಯನ್ನು ನೋಡಿ ಕಲಿತ. 1926ರಲ್ಲಿ ಉಗಿಹಡಗಿನಲ್ಲಿ ಕಲ್ಲಿದ್ದಲು ಹೊರುವ ಕೆಲಸ ಹಿಡಿದು ಲಂಡನ್ ಮುಟ್ಟಿದ. ‘ಟುಸಾಲವಾ’ ಎಂಬ ಮೊದಲ ಚಿತ್ರಕ್ಕಾಗಿ ಒಂದೊಂದೇ ಚಿತ್ರ ಬರೆದು ಅದಕ್ಕೇ ಸುಮಾರು ಎರಡು ವರ್ಷ ಸವೆಸಿದ. 1929ರಲ್ಲಿ ಅದು ಮುಗಿಯುವ ಹೊತ್ತಿಗೆ ಕೈ ಖಾಲಿ. ಇನ್ನೊಂದು ಚಿತ್ರಕ್ಕೆ ದುಡ್ಡು ಕೊಡುವವರಿರಲಿಲ್ಲ.

ಅವನ ಕ್ಯಾಮೆರಾ ಇಲ್ಲದ ಸಿನಿಮಾ ಹುಟ್ಟಿದ್ದು ಈ ಬಡತನದಲ್ಲೇ. 35 ಎಂಎಂ ಫಿಲ್ಮಿನಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು. ಉದ್ದದಲ್ಲಿ ಅಳೆದರೆ ಒಂದೂವರೆ ಅಡಿ. ಮೂರು ನಿಮಿಷಕ್ಕೆ 4,320 ಚೌಕಟ್ಟುಗಳಾಗುತ್ತವೆ. ಒಂದೊಂದನ್ನೂ ಬಿಡಿಬಿಡಿಯಾಗಿ ಬರೆಯುತ್ತ ಕೂತರೆ ಮತ್ತೆ ಎರಡು ವರ್ಷ. ಲೈ ಚೌಕಟ್ಟಿನ ಗೆರೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಫಿಲ್ಮನ್ನು ಉದ್ದಕ್ಕೆ ಹಾಸಿ, ಅದರ ಮೇಲೆ ಬಣ್ಣ ಎಳೆದು, ಆರುವ ಮೊದಲೇ ಹಲ್ಲು ಸಣ್ಣಗಿರುವ ಬಾಚಣಿಗೆಯನ್ನು ಅಲುಗಿಸುತ್ತ ಎಳೆದ. ಬಾಚಣಿಗೆ ಹೋದ ದಾರಿಯಲ್ಲಿ ಸಮಾನಾಂತರ ಅಲೆಗಳು ಮೂಡಿದವು. ಚುಕ್ಕೆಗೆ, ಅಕ್ಷರಗಳಿಗೆ ಅಚ್ಚು ಕೊರೆದಿಟ್ಟುಕೊಂಡ. ಆ ಪಟ್ಟಿಯನ್ನು ಕೈಯಲ್ಲಿ ಹಿಡಿದರೆ ಇಳಕಲ್ ಸೀರೆಯ ದಡಿಯ ಹಾಗೆ ಸುಮ್ಮನಿರುತ್ತದೆ. ಪ್ರೊಜೆಕ್ಟರಿಗೆ ಹಾಕಿದರೆ ಅದೇ ಗೆರೆ ನಡುಗುತ್ತದೆ, ಬಳುಕುತ್ತದೆ, ಒಂದು ಪಕ್ಕದಿಂದ ಇನ್ನೊಂದಕ್ಕೆ ಹಾರುತ್ತದೆ. ಕೈಯ ಅದುರು ಪರದೆಯ ಮೇಲೆ ಜೀವವಾಗಿ ಕಾಣುತ್ತದೆ. ಎಷ್ಟು ಬೆಲೆಯ ಸಾಫ್ಟ್‌ವೇರ್ ಇದ್ದರೂ ಈ ನಡುಕವನ್ನು ಹಾಗೆಯೇ ತರುವುದು ಕಷ್ಟ.

ಇನ್ನೊಂದು ಗುಟ್ಟಿದೆ. ಅವನು ಬಣ್ಣ ಹಚ್ಚುವ ಮೊದಲೇ ಸಂಗೀತ ಸಿದ್ಧವಾಗಿರುತ್ತಿತ್ತು. ಗೆಳೆಯ ಜ್ಯಾಕ್ ಎಲಿಟ್ ಸಂಗೀತವನ್ನು ಬಿಡಿಸಿ, ಯಾವ ಪೆಟ್ಟು ಫಿಲ್ಮಿನ ಎಷ್ಟನೇ ಅಡಿಗೆ ಬೀಳುತ್ತದೆ ಎಂದು ಗುರುತು ಹಾಕಿಕೊಡುತ್ತಿದ್ದ. ಆ ಗುರುತು ಹಿಡಿದು ಲೈ ಬಣ್ಣ ಹಾಕುತ್ತಿದ್ದ. ಈಗ ರೀಲ್ಸ್ ಮಾಡುವ ಹಲವರು ಚಿತ್ರೀಕರಣವೆಲ್ಲ ಮುಗಿದ ಮೇಲೆ ಹಾಡು ಹುಡುಕುತ್ತಾರೆ. ತಾಳವನ್ನು ಮೊದಲು ಹಿಡಿದವನ ಕೆಲಸವನ್ನು ಅವರು ಒಮ್ಮೆ ನೋಡಬೇಕು.

ಚಿತ್ರ ಹಿಡಿದುಕೊಂಡು ಲೈ ಹೋದದ್ದು ಜಾನ್ ಗ್ರಿಯರ್ಸನ್ ಬಳಿಗೆ. ಸ್ಕಾಟ್ಲೆಂಡಿನ ಗ್ರಿಯರ್ಸನ್ ಆಗ ಜನರಲ್ ಪೋಸ್ಟ್ ಆಫೀಸಿನ ಫಿಲ್ಮ್ ಯೂನಿಟ್ ನಡೆಸುತ್ತಿದ್ದ. 1933ರಲ್ಲಿ ಆರಂಭವಾದ ಈ ಘಟಕಕ್ಕೆ ಇಲಾಖೆಯ ಒಳಗಿನಿಂದ ಬೆನ್ನೆಲುಬಾಗಿ ನಿಂತದ್ದು ಸ್ಟೀಫನ್ ಟ್ಯಾಲೆಂಟ್ಸ್ ಎಂಬ ಅಧಿಕಾರಿ. ಗ್ರಿಯರ್ಸನ್ ಚಿತ್ರವನ್ನು ಕೊಂಡುಕೊಂಡ, ಪಾರ್ಸೆಲ್ಲಿನ ಮಾತು ಸೇರಿಸು ಎಂದ. 1935ರಲ್ಲೇ ಬ್ರಸೆಲ್ಸ್ ಚಿತ್ರೋತ್ಸವದಲ್ಲಿ ಇದು ಯಾವ ವಿಭಾಗಕ್ಕೂ ಹೊಂದಲಿಲ್ಲ. ತೀರ್ಪುಗಾರರು ಇದಕ್ಕೆಂದೇ ವಿಶೇಷ ಬಹುಮಾನ ಕೊಟ್ಟರು.

ಮುಂದೆ ಅಂಚೆ ಉಳಿತಾಯ ಬ್ಯಾಂಕಿಗಾಗಿ ಲೈ ‘ರೇನ್‌ಬೋ ಡಾನ್ಸ್’ (1936) ಮಾಡಿದ. ‘ಟ್ರೇಡ್ ಟ್ಯಾಟೂ’ (1937) ಚಿತ್ರಕ್ಕೆ ಘಟಕದ ಬೇರೆ ಚಿತ್ರಗಳಲ್ಲಿ ಉಳಿದ ಕಪ್ಪು–ಬಿಳುಪು ತುಣುಕುಗಳನ್ನೇ ಆರಿಸಿ ಬಣ್ಣ ತೊಡಿಸಿದ. ಕಾಗದವನ್ನು ಬೇಗ ಅಂಚೆಗೆ ಹಾಕಿ ಎನ್ನುವುದು ಅದರ ಸಂದೇಶ.

ಘಟಕದ ಚಿತ್ರಗಳಲ್ಲಿ ಅತ್ಯಂತ ಹೆಸರಾದದ್ದು 1936ರ ‘ನೈಟ್ ಮೇಲ್’. ಹ್ಯಾರಿ ವ್ಯಾಟ್ ಮತ್ತು ಬೇಸಿಲ್ ರೈಟ್ ನಿರ್ದೇಶಿಸಿದ ಇದು ಲಂಡನ್ನಿನಿಂದ ರಾತ್ರಿ ಎಂಟೂವರೆಗೆ ಸ್ಕಾಟ್ಲೆಂಡಿಗೆ ಹೊರಡುವ ಟಪಾಲು ರೈಲಿನ ಕಥೆ. ಪ್ರಯಾಣಿಕರಿಲ್ಲದ ರೈಲು, ಓಡುತ್ತಿರುವಾಗಲೇ ಒಳಗೆ ಪತ್ರ ವಿಂಗಡಣೆ. ನಮ್ಮ ರೈಲ್ವೆ ಮೇಲ್ ಸರ್ವಿಸ್, ಅಂದರೆ ಆರ್‌ಎಂಎಸ್ ಬೋಗಿಗಳಲ್ಲಿ ರಾತ್ರಿಯಿಡೀ ನಿಂತು ದುಡಿದವರ ಮನೆಯವರಿಗೆ ಈ ಚಿತ್ರ ಬೇರೆ ದೇಶದ್ದು ಅನ್ನಿಸಲಿಕ್ಕಿಲ್ಲ. ಚೀಲ ಎಸೆಯುವ ದೃಶ್ಯವೊಂದಿದೆ. ರೈಲು ಪೂರ್ತಿ ವೇಗದಲ್ಲಿರುವಾಗ ತೊಗಲು ಸುತ್ತಿದ ಟಪಾಲು ಚೀಲವನ್ನು ಹೊರಕ್ಕೆ ತೂಗಿಬಿಡಬೇಕು, ಹಳಿಯ ಪಕ್ಕದ ಬಲೆ ಅದನ್ನು ಸೆಳೆದುಕೊಳ್ಳಬೇಕು. ಯಾವಾಗ ಬಿಡಬೇಕೆಂದು ಹೊಸಬನಿಗೆ ಹಳಬ ಹೇಳಿಕೊಡುತ್ತಾನೆ: ಎರಡು ಸೇತುವೆ ದಾಟಲಿ, ಆಮೇಲೆ ಗಾಲಿಯ ಸದ್ದಿನ 45 ಪೆಟ್ಟು ಎಣಿಸು. ನೋಡುವವರೂ ಎಣಿಸತೊಡಗುತ್ತಾರೆ. ಅಂಚೆಯವರು ಎಷ್ಟು ನಿಷ್ಠರು ಎಂದು ಒಂದು ಮಾತಲ್ಲೂ ಹೇಳದೆ ನಮ್ಮನ್ನೇ ಅವರ ಪಕ್ಕದಲ್ಲಿ ನಿಲ್ಲಿಸುವ ಬಗೆ ಇದು.

ವಿಂಗಡಣೆಯ ಬೋಗಿಯೊಳಗಿನ ದೃಶ್ಯಗಳು ರೈಲಿನಲ್ಲಿ ತೆಗೆದವಲ್ಲ, ಸ್ಟುಡಿಯೋದಲ್ಲಿ ಹಾಕಿದ ಸೆಟ್. ಕೆಲಸ ಮಾಡುವವರು ಮಾತ್ರ ನಿಜವಾದ ಅಂಚೆ ನೌಕರರು. ಸೆಟ್ ಅಲುಗುತ್ತಿರಲಿಲ್ಲವಾದ್ದರಿಂದ, ರೈಲು ಓಡುತ್ತಿದೆ ಎಂದುಕೊಂಡು ಅವರೇ ಮೆಲ್ಲಗೆ ಓಲಾಡಬೇಕಿತ್ತು. ಕೊನೆಯ ಕೆಲವು ನಿಮಿಷಕ್ಕೆ ಕವಿ ಡಬ್ಲ್ಯು. ಎಚ್. ಆಡನ್ ಗಾಲಿಯ ಲಯಕ್ಕೆ ಪದ್ಯ ಬರೆದ. ಸಂಗೀತ ಕೊಟ್ಟ ಬೆಂಜಮಿನ್ ಬ್ರಿಟನ್‌ಗೆ ಆಗ ಇಪ್ಪತ್ತೆರಡರ ಹರೆಯ. ಕಲ್ಲುಹಲಗೆಗೆ ಮರಳುಕಾಗದ ಉಜ್ಜಿ, ಒತ್ತಿಟ್ಟ ಗಾಳಿಯನ್ನು ಬಿಟ್ಟು ಅವನು ರೈಲಿನ ಉಸಿರು ಹುಟ್ಟಿಸಿದ.

ಎಲ್ಲವೂ ಸಲೀಸಾಗಿರಲಿಲ್ಲ. ನಾರ್ಮನ್ ಮ್ಯಾಕ್‌ಲಾರೆನ್ ಎಂಬ ಸ್ಕಾಟಿಷ್ ತರುಣ ವಿಮಾನ ಅಂಚೆಗಾಗಿ 1938ರಲ್ಲಿ ‘ಲವ್ ಆನ್ ದಿ ವಿಂಗ್’ ಬರೆದಾಗ, ಅದರ ಶೃಂಗಾರ ಅತಿಯಾಯಿತೆಂದು ಮೇಲಿನವರು ತಡೆದರು. ಮ್ಯಾಕ್‌ಲಾರೆನ್ ಕೆನಡಾಕ್ಕೆ ಹೋಗಿ, ಗ್ರಿಯರ್ಸನ್ ಅಲ್ಲಿ ಕಟ್ಟಿದ ನ್ಯಾಷನಲ್ ಫಿಲ್ಮ್ ಬೋರ್ಡಿನಲ್ಲಿ ಫಿಲ್ಮಿನ ಮೇಲೆ ಲೇಖನಿಯಿಂದಲೇ ಕೋಳಿ ಕುಣಿಸಿ ಯುದ್ಧದ ಉಳಿತಾಯ ಪತ್ರಕ್ಕೆ ಪ್ರಚಾರ ಮಾಡಿದ. 1950ರ ದಶಕದ ಆರಂಭದಲ್ಲಿ ಯುನೆಸ್ಕೊ ಪರವಾಗಿ ಭಾರತಕ್ಕೂ ಬಂದು ಈ ಸರಳ ವಿದ್ಯೆಯನ್ನು ಕಲಿಸಿ ಹೋದ. ಅಂಚೆ ಘಟಕ ಮಾತ್ರ 1940ರಲ್ಲಿ ಕ್ರೌನ್ ಫಿಲ್ಮ್ ಯೂನಿಟ್ ಎಂದು ಹೆಸರು ಬದಲಿಸಿ, 1952ರಲ್ಲಿ ಬಾಗಿಲು ಹಾಕಿತು.

ಅಷ್ಟರಲ್ಲಿ ಲೈ ನ್ಯೂಯಾರ್ಕ್ ಸೇರಿದ್ದ. 1957ರಲ್ಲಿ ಕ್ರೈಸ್ಲರ್ ಕಾರು ಕಂಪನಿಗಾಗಿ ‘ರಿದಮ್’ ಮಾಡಿದ. ಕಾರು ಜೋಡಿಸುವ ದೃಶ್ಯಗಳನ್ನು ಚೂರುಚೂರು ಮಾಡಿ, ಆಫ್ರಿಕದ ಚರ್ಮವಾದ್ಯದ ಪೆಟ್ಟಿಗೆ ಕೂಡಿಸಿ, ಇಡೀ ಕಾರನ್ನು ಒಂದೇ ನಿಮಿಷದಲ್ಲಿ ಕಟ್ಟಿ ನಿಲ್ಲಿಸಿದ. ಬಹುಮಾನ ಘೋಷಣೆಯೂ ಆಯಿತು. ಕಂಪನಿ ಅದನ್ನು ಟಿವಿಯಲ್ಲಿ ಹಾಕಿಸಿರಲಿಲ್ಲ ಎಂಬ ಕಾರಣಕ್ಕೆ ಬಹುಮಾನ ವಾಪಸಾಯಿತು. ಮರುವರ್ಷ ಕಪ್ಪು ಫಿಲ್ಮನ್ನು ಗೀರಿ ‘ಫ್ರೀ ರ‍್ಯಾಡಿಕಲ್ಸ್’ ಮಾಡಿದವನು, ಹಣ ಕೊಡುವವರಿಲ್ಲದೆ ಬೇಸತ್ತು ಸಿನಿಮಾದಿಂದ ಬಹುಮಟ್ಟಿಗೆ ದೂರ ಸರಿದ. ಚಲಿಸುವ ಉಕ್ಕಿನ ಶಿಲ್ಪಗಳಲ್ಲಿ ಮನಸ್ಸಿಟ್ಟ. 1980ರಲ್ಲಿ ತೀರಿಕೊಂಡ. ನ್ಯೂಜಿಲೆಂಡಿನ ನ್ಯೂ ಪ್ಲಿಮತ್‌ನಲ್ಲಿ ಅವನ ಹೆಸರಿನ ಕಲಾಕೇಂದ್ರ ತೆರೆದದ್ದು 2015ರಲ್ಲಿ. ಅವನ ಕೈ ಚುರುಕಾಗಿದ್ದ ಕಾಲದಲ್ಲಿ ಇನ್ನೂ ಹತ್ತು ನಿಮಿಷದ ಕೆಲಸ ಸಿಕ್ಕಿದ್ದರೆ ಏನೇನು ಉಳಿಯುತ್ತಿತ್ತೋ ಎಂದು ಸಂಕಟವಾಗುತ್ತದೆ.

ಇಂಥ ಚಿತ್ರಕ್ಕೆ ಬೇಕಾದದ್ದು ದೊಡ್ಡ ದುಡ್ಡಲ್ಲ. ನೋಡುವವರ ಕಣ್ಣು–ಕಿವಿಯ ಮೇಲೆ ನಂಬಿಕೆ ಇಟ್ಟ ಒಬ್ಬ ಕಲಾವಿದ, ಅವನಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಒಬ್ಬ ಅಧಿಕಾರಿ, ಇಬ್ಬರು ಸಾಕು. ಕಲಾವಿದರು ನಮ್ಮಲ್ಲಿದ್ದಾರೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ, ಮೈಸೂರಿನ ಕಾವಾ ದೃಶ್ಯಕಲಾ ಶಾಲೆಯಲ್ಲಿ ಪ್ರತಿ ವರ್ಷ ಮಕ್ಕಳು ಕಲಿತು ಹೊರಬರುತ್ತಿದ್ದಾರೆ. ಲಸಿಕೆಗೋ, ಮತದಾನಕ್ಕೋ, ಬಸ್ ಪಾಸಿಗೋ ಒಂದು ನಿಮಿಷದ ಚಿತ್ರ ಬೇಕಾದಾಗ ನಮ್ಮ ಇಲಾಖೆಗಳು ಹತ್ತರಲ್ಲಿ ಒಂದನ್ನಾದರೂ ಅವರ ಕೈಗೆ ಕೊಡಲಿ. ಸಂದೇಶ ಕೊನೆಯ ಐದು ಸೆಕೆಂಡಿನಲ್ಲಿ ಬರಲಿ, ಉಳಿದದ್ದು ನಿಮಗೆ ಬಿಟ್ಟದ್ದು ಎಂದು ಹೇಳಲಿ.