ಎದೆಯ ಗಂಟು: ಭೀತಿ ಬೇಡ, ವಿಳಂಬವೂ ಸಲ್ಲದು

ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಹೆಸರನ್ನು ಕೇಳದ ಮುಂಬಯಿ ಕನ್ನಡಿಗರು ವಿರಳ. 1941ರಲ್ಲಿ ಬಾಗಿಲು ತೆರೆದ ಈ ಸಂಸ್ಥೆಯು 1962ರಿಂದ ಭಾರತ ಸರಕಾರದ ಅಣುಶಕ್ತಿ ಇಲಾಖೆಯ ಆಡಳಿತದಲ್ಲಿದೆ. ಆದರೆ ಆ ಹೆಸರು ಕಿವಿಗೆ ಬಿದ್ದೊಡನೆ ನಡುಗುವವರೇ ಹೆಚ್ಚು. ಸ್ತನದಲ್ಲಿ ಗಂಟು ಕೈಗೆ ತಗುಲಿದರೂ ಹೆಂಗಸರು ಸಂಕೋಚದಿಂದ ಮುಚ್ಚಿಡುವರು. ಸಂಸಾರ ಊರಿನಲ್ಲಿ, ದುಡಿಮೆ ಇಲ್ಲಿ ಎಂಬ ನಮ್ಮ ಹೋಟೆಲು ಬಂಧುಗಳಿಗೆ ವಿಷಯ ತಿಳಿಯುವಷ್ಟರಲ್ಲಿ ತಿಂಗಳುಗಳೇ ಉರುಳಿರುತ್ತವೆ.

ಗಂಟುಗಳೆಲ್ಲವೂ ಕ್ಯಾನ್ಸರ್ ಅಲ್ಲ. ನೀರು ತುಂಬಿದ ಚೀಲ, ನಾರುಗಡ್ಡೆ, ಬಾಣಂತಿಯರ ಹಾಲಿನ ಬಾವು, ಇವೇ ಅಧಿಕ. ಆದರೆ ಇದನ್ನು ನಿರ್ಣಯಿಸಬೇಕಾದವರು ವೈದ್ಯರು, ನೆರೆಮನೆಯವರಲ್ಲ. ವೈದ್ಯರು ಮೊದಲು ಕೈಯಿಂದ ಪರೀಕ್ಷಿಸಿ, ಬಳಿಕ ಮ್ಯಾಮೊಗ್ರಾಮ್ ಎಂಬ ಕ್ಷಕಿರಣ ಚಿತ್ರವನ್ನೋ ಸೋನೋಗ್ರಫಿಯನ್ನೋ ಮಾಡಿಸುವರು. ತರುಣಿಯರ ಸ್ತನವು ದಟ್ಟವಾಗಿರುವುದರಿಂದ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ, ಗಂಟೂ ಬೆಳ್ಳಗೆ. ಬಿಳಿಯ ಗೋಡೆಯ ಮೇಲೆ ಸುಣ್ಣದ ಗೆರೆಯನ್ನು ಹುಡುಕಿದಂತಾಯಿತು!

ಇಂತಹ ಸಂದಿಗ್ಧದಲ್ಲಿ ಎಂ.ಆರ್.ಐ. ನೆರವಾಗುತ್ತದೆ. ಇದರಲ್ಲಿ ಕ್ಷಕಿರಣವಿಲ್ಲ. 1.5 ಟೆಸ್ಲಾ ಬಲದ, ಎಂದರೆ ಭೂಮಿಯ ಕಾಂತಬಲದ ಸುಮಾರು ಮೂವತ್ತು ಸಾವಿರ ಪಟ್ಟು ಶಕ್ತಿಯ ಅಯಸ್ಕಾಂತವು ದೇಹದ ನೀರಿನಲ್ಲಿರುವ ಜಲಜನಕದ ಕಣಗಳಿಂದ ಚಿತ್ರವನ್ನು ಬರೆಯಿಸುತ್ತದೆ. ರೋಗಿ ಬೋರಲಾಗಿ ಮಲಗಬೇಕು. ಯಂತ್ರದ ಸದ್ದು ಜೋರು, ನೋವಿಲ್ಲ. ರಕ್ತನಾಳಕ್ಕೆ ಗ್ಯಾಡೊಲಿನಿಯಂ ಎಂಬ ದ್ರವವನ್ನು ಚುಚ್ಚುವರು. ಕ್ಯಾನ್ಸರ್ ಗಡ್ಡೆಯು ತನಗಾಗಿ ಹೊಸ ರಕ್ತನಾಳಗಳನ್ನು ಬೆಳೆಸಿಕೊಳ್ಳುವುದರಿಂದ ಆ ದ್ರವವನ್ನು ಬೇಗನೆ ಹೀರಿ ಬೇಗನೆ ಬಿಡುತ್ತದೆ. ನಿರಪಾಯದ ಗಡ್ಡೆಯು ಸಾಮಾನ್ಯವಾಗಿ ನಿಧಾನವಾಗಿ ಹೀರುತ್ತದೆ. ಇನ್ನೊಂದು ವಿಧಾನವು ನೀರಿನ ಕಣಗಳ ಚಲನೆಯನ್ನು ಅಳೆಯುತ್ತದೆ. ಕ್ಯಾನ್ಸರಿನಲ್ಲಿ ಜೀವಕೋಶಗಳು ಸಂಜೆಯ ಲೋಕಲ್ ರೈಲಿನ ಜನರಂತೆ ಒತ್ತೊತ್ತಾಗಿರುವುದರಿಂದ ನೀರಿಗೆ ಅಲ್ಲಿ ಸಂಚರಿಸಲು ಎಡೆಯಿಲ್ಲ.

ಆದರೂ ಯಂತ್ರದ ಮಾತು ಅಂತಿಮವಲ್ಲ. ನಿರಪಾಯದ ಗಡ್ಡೆಯೂ ಕೆಲವೊಮ್ಮೆ ಸಂಶಯಾಸ್ಪದವಾಗಿ ಕಾಣಬಹುದು. ಸೂಜಿಯಿಂದ ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿಯೇ ಕೊನೆಯ ತೀರ್ಪು. ಎಲ್ಲರಿಗೂ ಎಂ.ಆರ್.ಐ. ಅಗತ್ಯವಿಲ್ಲ, ವೈದ್ಯರು ಹೇಳದೆ ಇದಕ್ಕೆ ಹಣ ಸುರಿಯಬೇಕಾಗಿಲ್ಲ. ಪೇಸ್‌ಮೇಕರ್ ಇದ್ದವರು, ಮೂತ್ರಪಿಂಡದ ರೋಗವುಳ್ಳವರು, ಗರ್ಭಿಣಿಯರು ಮೊದಲೇ ತಿಳಿಸತಕ್ಕದ್ದು.

ಕೈಪರೀಕ್ಷೆಯೂ ಅಲ್ಪವಲ್ಲ. ಟಾಟಾ ಆಸ್ಪತ್ರೆಯವರು 1998ರಲ್ಲಿ ಮುಂಬಯಿಯ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಸ್ತ್ರೀಯರನ್ನು ಎರಡು ಗುಂಪು ಮಾಡಿ ಅಧ್ಯಯನ ಕೈಗೊಂಡರು. ಒಂದು ಗುಂಪಿನವರನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆ ಗುಂಪಿನಲ್ಲಿ ರೋಗವು ಮುಂಚಿತವಾಗಿ ಪತ್ತೆಯಾಯಿತು. 50 ವರ್ಷ ಮೀರಿದವರಲ್ಲಿ ಈ ರೋಗದ ಮರಣ ಶೇಕಡಾ 30ರಷ್ಟು ಇಳಿಯಿತು.

ಹೊಸ ಗಂಟು, ಚರ್ಮದ ಕುಳಿ, ಒಳಸೇದಿದ ತೊಟ್ಟು, ರಕ್ತಮಿಶ್ರಿತ ಸ್ರಾವ, ಇವುಗಳಲ್ಲಿ ಯಾವುದು ಕಂಡರೂ ನೋವಿಲ್ಲವೆಂದು ಸುಮ್ಮನಿರಬಾರದು. ಊರಿಗೆ ಹಣ ಕಳುಹಿಸುವಾಗ ಈ ನಾಲ್ಕು ಮಾತನ್ನೂ ಜೊತೆಗೆ ತಿಳಿಸಿರಿ. ಆಸ್ಪತ್ರೆಗೆ ಹೋಗುವ ದಿನ ಒಂದು ಪಾಳಿಯ ರಜೆ ಪಡೆದು ನೀವೂ ಜೊತೆಗಿರಿ.