ಕೆಂಗಣ್ಣು

ಕೆಂಗಣ್ಣು ಅಥವಾ ಮದ್ರಾಸ್ ಐ ಎಂಬುದು ಕಣ್ಣಿನ ಬಿಳಿಭಾಗವನ್ನು ಆವರಿಸಿರುವ ತೆಳುಪೊರೆಯ ಉರಿಯೂತ. 2023ರ ಮಳೆಗಾಲದಲ್ಲಿ ಇದು ಕರ್ನಾಟಕದಲ್ಲಿ ವ್ಯಾಪಕವಾಗಿ ಹರಡಿತ್ತು. ಹರಡುವುದು ನೋಟದಿಂದಲ್ಲ, ಕೈ ಮತ್ತು ಬಟ್ಟೆಗಳ ಮೂಲಕ. ವೈರಸ್‌ನಿಂದ ಬಂದದ್ದು ಸಾಮಾನ್ಯವಾಗಿ 1–2 ವಾರಗಳಲ್ಲಿ ತಾನಾಗಿಯೇ ಶಮನವಾಗುತ್ತದೆ. ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಶುಭ್ರ ಬಟ್ಟೆಯಿಂದ ಗೀಜನ್ನು ಒರೆಸಿ, ಟವೆಲ್ ಪ್ರತ್ಯೇಕವಾಗಿಟ್ಟರೆ ಬಹುಪಾಲು ಸಾಕಾಗುತ್ತದೆ.

ಆದರೆ ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳದಂತಹ ಎರೆಭೂಮಿಯಲ್ಲಿ ಕಡಲೆ, ಜೋಳದ ರಾಶಿಯ ಕಾಲದಲ್ಲಿ ಕಣ್ಣು ಕೆಂಪಾಗಲು ಬೇರೆ ಕಾರಣವೂ ಇರಬಹುದು. ಹೊಟ್ಟು ಕಾರ್ನಿಯಾವನ್ನು ಗೀರಿದಾಗ ಶಿಲೀಂಧ್ರ ಸೋಂಕು ತಗಲುವ ಸಂಭವವಿದೆ. ಅಂತಹ ಕಣ್ಣನ್ನು ಉಜ್ಜದೆ ಶುದ್ಧ ನೀರಿನಿಂದ ತೊಳೆಯಬೇಕು. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಹಾಕಬಾರದು. ವೈದ್ಯರ ಸಲಹೆಯಿಲ್ಲದೆ ಬಳಸುವ ಸ್ಟಿರಾಯ್ಡ್ ಹನಿ ಇನ್ನೂ ಅಪಾಯಕರ: ಕೆಂಪು ಇಳಿದಂತೆ ಕಂಡರೂ ಹುಣ್ಣು ಬೆಳೆಯುತ್ತಲೇ ಇರುತ್ತದೆ. ತೀವ್ರ ನೋವು, ಮಸುಕು ದೃಷ್ಟಿ ಅಥವಾ ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅದೇ ದಿನ ನೇತ್ರತಜ್ಞರನ್ನು ಕಾಣಬೇಕು.